ಗಾದಿ ಫೈನಲ್

ಜೂನ್ 3, ಮಂಗಳವಾರ, ಬೆಳಿಗ್ಗೆ 11.20

ಶೋ ಮುಗಿಯಿತು. ಗಂಟಲು ಒಣಗಿದೆ. ಎಸಿ ರಿಪೇರಿಯವ ಇವತ್ತು ಶೋ ನಡೆದಿರುವಾಗಲೇ ಏಣಿ ಹಾಕಿದ. ಅವನ ಕಾಲ ಕೆಳಗೆ ಕೂತು ಹವಾಮಾನ ಓದಿದೆ. ‘ಧಾರವಾಡದಲ್ಲಿ ತುಂತುರು’ ಎನ್ನುವಾಗ ನನ್ನ ತಲೆ ಮೇಲೂ ಎರಡು ಹನಿ.

ಹತ್ತಕ್ಕೆ ಶಶಿಕುಮಾರ್ ಸರ್ ಫೋನು. ಬೆಂಗಳೂರಲ್ಲಿ ಕೂತು ನಮ್ಮ ಹುಬ್ಬಳ್ಳಿಯೂ ಸೇರಿ ಐದೂ ಊರಿನ ಹುರುಪು ಎಫ್ಎಂ ನೋಡಿಕೊಳ್ಳುವವರು.

“ಸುಮಲತಾ, ಜುಲೈ ಒಂದರಿಂದ ಮಾರ್ನಿಂಗ್ ಶೋ ಇಲ್ಲಿಂದಲೇ. ಐದೂ ಊರಿಗೆ ಒಂದೇ ವಾಯ್ಸ್. ನಿಮ್ಮನ್ನೇನೂ ತೆಗೆಯಲ್ಲ. ಲಾಗ್ ನೋಡ್ಕೊಂಡಿರಿ.”

ಲಾಗ್ ಅಂದರೆ ಯಾವ ಹಾಡು ಎಷ್ಟಕ್ಕೆ, ಯಾವ ಜಾಹೀರಾತು ಎಷ್ಟಕ್ಕೆ — ಆ ಪಟ್ಟಿ. ಹದಿಮೂರು ವರ್ಷ ಮಾತಾಡಿದವಳು ಇನ್ನು ಪಟ್ಟಿ ನೋಡಿಕೊಂಡಿರಬೇಕಂತೆ!

ಯಾಕೆ ಸರ್ ಅಂದೆ. “ನಿಮ್ಮೂರಲ್ಲಿ ಯಾರು ಕೇಳ್ತಿದಾರೆ? ತೋರಿಸಿ. ತೋರಿಸಿದ್ರೆ ನಿಲ್ಲಿಸಲ್ಲ.”

ತೋರಿಸುವುದು ಹೇಗೆ? ದೊಡ್ಡ ಊರುಗಳಲ್ಲಿ ಕೇಳುಗರನ್ನು ಎಣಿಸುವ ಸರ್ವೆ ಇದೆ. ನಮ್ಮಲ್ಲಿ ಇಲ್ಲ. ಬರುವ ಮೆಸೇಜು ದಿನಾ ಅದೇ ಹದಿನೈದು ಮಂದಿಯದು. ಗಾಜಿನಾಚೆ ನಮ್ಮ ಇಂಜಿನಿಯರ್ ವಿನೋದ ಕಾಣುತ್ತಾನೆ, ಅಷ್ಟೇ. ಅವನೂ ಹೆಡ್‌ಫೋನಿನಲ್ಲಿ ಕ್ರಿಕೆಟ್ ಕೇಳುತ್ತಿರುತ್ತಾನೆ.

ಖರೇ ಹೇಳಬೇಕೆಂದರೆ ನಾನು ಯಾರ ಜೊತೆ ಮಾತಾಡುತ್ತೇನೋ ನನಗೇ ಗೊತ್ತಿಲ್ಲ.

ಜೂನ್ 5, ಗುರುವಾರ

ಮಾರ್ಕೆಟಿಂಗ್ ಹುಡುಗ ಏಪ್ರಿಲ್‌ನಲ್ಲೇ ಬಿಟ್ಟು ಹೋದ. ಅವನ ಬ್ಯಾಗು ಈಗ ನನ್ನ ಹೆಗಲಿಗೆ. ಊರಿನ ಅಂಗಡಿಗಳೇ ನಮ್ಮನ್ನು ಬೇಕು ಅಂದರೆ ಬೆಂಗಳೂರು ಏನನ್ನುತ್ತದೆ, ನೋಡೇ ಬಿಡೋಣ ಅಂತ ಹೊರಟೆ.

ಒಂಬತ್ತು ಅಂಗಡಿ ಹತ್ತಿ ಇಳಿದೆ. ಎಲ್ಲರೂ ಚಹಾ ಕೊಡುತ್ತಾರೆ, ಜಾಹೀರಾತು ಕೊಡುವುದಿಲ್ಲ. ಕೊನೆಗೆ ಹಳೇ ಹುಬ್ಬಳ್ಳಿಯಲ್ಲಿ ಫಕ್ರುಸಾಬರ ಗಾದಿ ಅಂಗಡಿ. ಮೂರು ತಲೆಮಾರಿನಿಂದ ಅರಳೆ ಹಿಂಜಿ ಗಾದಿ, ದಿಂಬು ಹೊಲಿಯುವ ಮನೆತನ. ಕೆಳಗೆ ಅಂಗಡಿ, ಮೇಲೆ ಮನೆ.

“ಅಲ್ರಿ ಮೇಡಂ, ಎಲ್ಲಾರ ಕೈಯಾಗ ಮೊಬೈಲ್ ಐತಿ. ಬೇಕಾದ ಹಾಡು ಬೇಕಾದಾಗ ಬರ್ತೈತಿ. ನಿಮ್ಮ ರೇಡಿಯೋ ಹಚ್ಕೊಂಡು ಯಾರ ಕುಂದರ್ತಾರ ಹೇಳ್ರಿ?”

ಒಳಗಿಂದ ಅವರ ಹೆಂಡತಿ ಮೌಲಾಬಿ ಚಹಾ ತಂದರು. “ನಾ ಕುಂದರ್ತೇನಲ್ಲ?”

“ನೀ ಸುಮ್ನಿರ. ನೀ ಒಬ್ಬಾಕಿ ಕೇಳಿದ್ರ ಗಾದಿ ಮಾರ್ತಾವೇನ?”

ಮೌಲಾಬಿ ಕಪ್ಪನ್ನು ಅವರ ಮುಂದೆ ಕುಕ್ಕಿದರು, ನನ್ನ ಮುಂದೆ ಮೆಲ್ಲಗೆ ಇಟ್ಟರು.

ಜೂನ್ 12, ಗುರುವಾರ

ಬಿಡುವವಳಲ್ಲ ನಾನು. ಫಕ್ರುಸಾಬರಿಗೆಂದೇ ಒಂದು ಸ್ಯಾಂಪಲ್ ಜಾಹೀರಾತು ಮಾಡಿದೆವು. ಗಿರಾಕಿಗೆ ‘ನಿಮ್ಮದು ಹೀಗೆ ಬರುತ್ತದೆ ನೋಡಿ’ ಅಂತ ಕೇಳಿಸುವುದಕ್ಕಷ್ಟೇ ಇರುವಂಥದ್ದು. ಒಳಗಿನ ಮಾತು ನಮ್ಮ ಮನಸ್ಸಿಗೆ ಬಂದದ್ದು. ಅತ್ತೆಯಾಗಿ ನಾನು, ಅಳಿಯನಾಗಿ ವಿನೋದ.

“ಮಾವಾರ ಮನಿ ದಿಂಬು ಕಲ್ಲ ಆಗೇತ್ರೀ ಅತ್ತಿ!”

“ಹೌದೇನೋ? ನಡಿ ಫಕ್ರುಸಾಬರ ಅಂಗಡಿಗೆ! ಹಳೇ ದಿಂಬು ತರ್ರಿ, ಅರಳಿ ಹಿಂಜಿ ಹೊಸಾದು ಮಾಡಿ ಕೊಡ್ತಾರ. ರೊಕ್ಕಾ ಬ್ಯಾಡ! ಈ ಶನಿವಾರ ಒಂದ ದಿನಾ!”

ಸಂಜೆ ಹೋಗಿ ಫೋನಿನಲ್ಲಿ ಕೇಳಿಸಿದೆ. ಫಕ್ರುಸಾಬರು ಹೊಟ್ಟೆ ಹಿಡಿದು ನಕ್ಕರು. ಎರಡು ಸಲ ಹಚ್ಚಿಸಿಕೊಂಡು ಕೇಳಿದರು.

“ಭಾಳ ಛಲೋ ಮಾಡೀರಿ. ಆದ್ರ ಬ್ಯಾಡ್ರಿ.”

ವಾಪಸ್ಸು ಬರುವಾಗ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಯಾರಿಗೂ ಕಾಣದ ಹಾಗೆ ಮೂಗು ಒರೆಸಿಕೊಂಡೆ.

ಜೂನ್ 14, ಶನಿವಾರ, ರಾತ್ರಿ 8

ಬೆರಳಿಗೆಲ್ಲ ಸೂಜಿ ಚುಚ್ಚಿಕೊಂಡಿದ್ದೇನೆ. ಮೊದಲಿಂದ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತು. ಶೋ ನಡುವೆ ಮೌಲಾಬಿ ಫೋನು. “ಮೇಡಮಾರ, ರೇಡಿಯೋದಾಗ ಏನಂದೀರಿ ನೀವು? ಮಂದಿ ದಿಂಬು ಹೊತ್ಕೊಂಡು ಬಂದು ನಿಂತಾರ! ನಮ್ಮವರು ಬಾಯಿ ತಕ್ಕೊಂಡು ಕುಂತಾರ!”

ಓಡಿ ಲಾಗ್ ತೆಗೆದೆ. ಅಯ್ಯೋ ದೇವರೇ. ನಿನ್ನೆ ನನ್ನ ಶೋ ಮುಗಿದ ಮೇಲೆ, ಮಧ್ಯಾಹ್ನದಿಂದ ರಾತ್ರಿಯವರೆಗೆ, ಸ್ಯಾಂಪಲ್ ಜಾಹೀರಾತು ಎಂಟು ಸಲ ಹೋಗಿದೆ.

“ವಿನೋದಾ! ಇದನ್ನ ಯಾರು ಹಾಕಿದ್ರು?”

“ನಾನೇ ಅಕ್ಕಾರ. ಫೈಲಿನ ಹೆಸರು ‘ಗಾದಿ ಫೈನಲ್’ ಅಂತ ಇತ್ತಲ್ರಿ. ಫಕ್ರುಸಾಬರು ಒಪ್ಪ್ಯಾರಂತ ಹಾಕೇನಿ.”

ಹೆಸರು ಕೊಟ್ಟವಳು ನಾನು. ಆರು ಸಲ ಎಡಿಟ್ ಮಾಡಿ ಬೇಸತ್ತು ‘ಫೈನಲ್’ ಅಂತ ಸೇವ್ ಮಾಡಿದ್ದೆ. ಯಾರನ್ನು ಬೈಯಲಿ?

ಉಳಿದ ಶೋಗೆ ಹಾಡು ಹಚ್ಚಿ ಆಟೋ ಹತ್ತಿದೆವು. ಗಲ್ಲಿಯ ಬಾಯಿಂದಲೇ ಸಾಲು. ತಲೆಯ ಮೇಲೆ ದಿಂಬು, ಕಂಕುಳಲ್ಲಿ ದಿಂಬು, ಸ್ಕೂಟಿಯ ಮುಂದೆ ದಿಂಬು. ಒಬ್ಬ ಪುಣ್ಯಾತ್ಮ ಡಬಲ್ ಗಾದಿಯನ್ನೇ ಸುತ್ತಿ ತಂದಿದ್ದ.

“ಸ್ವಲ್ಪ ದಾರಿ ಬಿಡ್ರಿ” ಅಂದೆ. ಅಷ್ಟೇ ಅಂದದ್ದು. ಮುಂದಿದ್ದವರೆಲ್ಲ ಒಮ್ಮೆಲೇ ಹೊರಳಿ ನೋಡಿದರು.

“ಏ, ರೇಡಿಯೋದಾಕಿ ಈಕೀನ! ದನಿ ಅದ ಐತಿ ನೋಡ್ರಿ!”

ಹದಿಮೂರು ವರ್ಷದಲ್ಲಿ ನನ್ನ ಮುಖ ಯಾರೂ ಗುರುತು ಹಿಡಿದದ್ದಿಲ್ಲ. ದನಿ ಹಿಡಿದರು. ಧಾರವಾಡದ ಹತ್ತಿರದ ಮುಗದ ಊರಿನಿಂದ ಬಂದ ಫಕೀರವ್ವ ಅನ್ನುವ ಅಜ್ಜಿ ನನ್ನ ಗಲ್ಲ ಸವರಿದಳು. “ದಿನಾ ರೊಟ್ಟಿ ಬಡಿಯೂ ಮುಂದ ನಿನ್ನ ಮಾತ ಕೇಳ್ತೇನವಾ. ನೀ ಸೂಟಿ ಹಾಕಿದ ದಿನಾ ರೊಟ್ಟಿ ಹರೀತಾವ ನೋಡ.” ನನಗೆ ಅಳು ಬಂತು. ಎಲ್ಲರ ಎದುರಿಗೇ ಅತ್ತೆ.

ಆದರೆ ಅಜ್ಜಿ ಬಂದದ್ದು ನನ್ನ ಸುಳ್ಳು ನಂಬಿ. ಅಂಗಡಿಯ ಮೆಟ್ಟಿಲು ಹತ್ತಿ ಹೇಳಿಯೇ ಬಿಟ್ಟೆ. “ತಪ್ಪು ನಂದ್ರಿ. ಫಕ್ರುಸಾಬರು ಹಂಗ ಹೇಳಿಲ್ಲ. ಅದು ಸ್ಯಾಂಪಲ್ ಇತ್ತು, ತಪ್ಪಿ ಹೋತು. ಮಾಫ್ ಮಾಡ್ರಿ.”

ಯಾರೋ ‘ಬಸ್ಸಿನ ರೊಕ್ಕಾ ಹೋತಲ್ರಿ’ ಅಂದರು. ಆಗ ಫಕ್ರುಸಾಬರು ಎದ್ದರು. ನನ್ನ ಮುಖ ನೋಡಲಿಲ್ಲ.

“ಯಾರೂ ಹೋಗಬ್ಯಾಡ್ರಿ. ನನ್ನ ಹೆಸರ್ಲೆ ಮಾತ ಹೋಗೇತಿ. ನಮ್ಮಪ್ಪನ ಅಂಗಡಿ ಮುಂದ ನಿಂತು ನಾ ಇಲ್ಲಾ ಅನ್ನಾಂವಲ್ಲ. ದಿಂಬು ಇಡ್ರಿ, ಹೆಸರು ಬರಸ್ರಿ.”

ಆಮೇಲೆ ನನ್ನ ಕಡೆ ತಿರುಗಿ: “ನೀವ್ಯಾಕ ನಿಂತೀರಿ? ಹೊಲಿಗಿ ಬಿಚ್ಚಾಕ ಕುಂದರ್ರಿ.”

ಸಂಜೆ ಆರರವರೆಗೆ ನಾನು, ವಿನೋದ, ಮೌಲಾಬಿ ದಿಂಬು ಬಿಚ್ಚಿದೆವು. ಅರಳೆ ಮೂಗೊಳಗೆ, ಕಿವಿಯೊಳಗೆ. ಒಂದು ದಿಂಬಿನೊಳಗಿಂದ ಟ್ರಂಕಿನ ಕೀಲಿ ಬಂತು. ಅದನ್ನು ತಂದಿದ್ದ ಗಂಡಹೆಂಡಿರು ಅಲ್ಲೇ ಜಗಳ ಶುರು ಮಾಡಿದರು — ಅದು ಕಳೆದ ತಪ್ಪನ್ನು ಎಂಟು ವರ್ಷದಿಂದ ಒಬ್ಬರ ಮೇಲೊಬ್ಬರು ಹಾಕುತ್ತಿದ್ದರಂತೆ! ಸೀನು, ನಗು, ಮತ್ತೆ ಸೀನು.

ಒಟ್ಟು 187 ದಿಂಬು.

ಜೂನ್ 16, ಸೋಮವಾರ

ಶಶಿಕುಮಾರ್ ಸರ್‌ಗೆ ಸಾಲಿನ ವಿಡಿಯೋ ಕಳಿಸಿ ಫೋನು ಮಾಡಿದೆ. ನೂರಾ ಎಂಬತ್ತೇಳು ದಿಂಬು, ಸರ್!

“ಅದು ಡೇಟಾ ಅಲ್ಲ ಸುಮಲತಾ. ಅದು ಮಿಸ್ಟೇಕು. ಫ್ರೀ ಅಂದ್ರೆ ಯಾರಾದ್ರೂ ಬರ್ತಾರೆ. ನಿಮಗೆ ಮೆಮೋ ಬರುತ್ತೆ.”

ಫ್ರೀ ಅಂತ ಕೇಳಿಸಿದ್ದಾದರೂ ಎಲ್ಲಿಂದ ಮಾರಾಯರೇ? ಆಕಾಶದಿಂದಲೇ? ಬಾಯಿಗೆ ಬಂದಿತ್ತು, ನುಂಗಿದೆ.

ಜೂನ್ 17

ಮೆಮೋ ಬಂತು. ವಿನೋದ ಅದರ ಮೇಲೆ ಚಹಾ ಇಟ್ಟ. ಬೇಕೆಂದೇ.

ಜೂನ್ 23, ಸೋಮವಾರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ. ನನ್ನ ಜಾಗದಲ್ಲಿ ಮಾತಾಡಲಿರುವ ಬೆಂಗಳೂರಿನ ಹುಡುಗನ ಪ್ರೋಮೋ ಬಂದಿತ್ತು, ನಾನೇ ಲಾಗಿಗೆ ಹಾಕಿದ್ದೆ. ‘ಹುಬ್ಬಳ್ಳಿ’ ಅನ್ನುವ ಕಡೆ ಊರಿನ ಹೆಸರಷ್ಟೇ ಬದಲಿಸಿ ಐದೂ ಊರಿಗೆ ಅದೇ ಮಾತು ಹೇಳಿದ್ದಾನೆ.

ಇವತ್ತು ಹನ್ನೆರಡಕ್ಕೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಫಕ್ರುಸಾಬರು! ಹಿಂದೆ ಅದೇ ಗಲ್ಲಿಯ ನಾಲ್ವರು ಅಂಗಡಿಕಾರರು. ಬಳೆಯವರು, ಪಾತ್ರೆಯವರು, ಕಿರಾಣಿಯವರು, ಸೈಕಲ್ ಅಂಗಡಿ ಮುಜಾಫರ.

ದಿಂಬು ಒಯ್ಯಲು ಬಂದವರು ಹೊಸ ಗಾದಿ ಮಾಡಲೂ ಹೇಳಿ ಹೋಗುತ್ತಿದ್ದಾರಂತೆ. ದೀಪಾವಳಿವರೆಗೂ ಕೈ ಖಾಲಿ ಇಲ್ಲವಂತೆ. ಆದರೆ ಅವರು ಬಂದದ್ದು ಅದನ್ನು ಹೇಳುವುದಕ್ಕಲ್ಲ.

“ನಿಮ್ಮ ಸಾಹೇಬ್ರಿಗೆ ಫೋನ್ ಹಚ್ರಿ” ಅಂದರು. ನಮ್ಮ ಶೋ ನಿಲ್ಲುವ ಸುದ್ದಿ ವಿನೋದನೇ ಮುಟ್ಟಿಸಿದ್ದಾನೆ. ಸ್ಪೀಕರಿಗೆ ಹಾಕಿದೆ.

“ಸಾಹೇಬ್ರ, ನಮಸ್ಕಾರ್ರಿ. ನಾವು ಐದು ಅಂಗಡಿಯವರು ವರ್ಷದ ಜಾಹೀರಾತು ಕೊಡ್ತೇವ್ರಿ. ಆದ್ರ ಮುಂಜಾನೆ ಈ ಮೇಡಮ್ಮ ಹೇಳಬೇಕು. ಬೆಂಗಳೂರು ಹುಡುಗ ಹೇಳಿದ್ರ ನಮಗ ಬ್ಯಾಡ.”

“ನೋಡಿ ಯಜಮಾನ್ರೇ, ಅವನು ಬಹಳ ಪಾಪ್ಯುಲರ್…”

“ಇರಲಿ ಬಿಡ್ರಿ. ಅಂವ ತಪ್ಪ ಹೇಳಿದ್ರ ನಮ್ಮ ಗಲ್ಲಿಗೆ ಓಡಿ ಬರ್ತಾನೇನ್ರಿ? ಇವರು ಬಂದ್ರು. ಮಂದಿ ಮುಂದ ನಿಂತು ತಪ್ಪ ಒಪ್ಪಿಕೊಂಡ್ರು. ಸಂಜೀತನಾ ಹೊಲಿಗಿ ಬಿಚ್ಚಿದ್ರು. ಹಂತಾವ್ರು ಹೇಳಿದ ಮಾತ ಮಂದಿ ನಂಬ್ತಾರ್ರಿ.”

ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ಸರ್ “ನೋಡ್ತೀನಿ” ಅಂದು ಫೋನು ಇಟ್ಟರು.

ಜೂನ್ 27, ಶುಕ್ರವಾರ

ಮೂರು ತಿಂಗಳು! ನನ್ನ ಶೋಗೆ ಸರ್ ಇನ್ನೂ ಮೂರು ತಿಂಗಳು ಕೊಟ್ಟಿದ್ದಾರೆ! ಒಂದು ಷರತ್ತು. ವಾರಕ್ಕೊಂದು ದಿನ ಸ್ಟುಡಿಯೋ ಬಿಟ್ಟು ಯಾವುದಾದರೂ ಅಂಗಡಿಯಿಂದ ಲೈವ್. “ಹೊಸದೇನಾದ್ರೂ ಮಾಡಿ” ಅಂದರು. ಹೊಸದು! ನಮ್ಮ ಜನ ಕಟ್ಟೆಯ ಮೇಲೆ ಕೂತು ಮಾತಾಡುವುದೇ ಹೊಸದಂತೆ ಅವರಿಗೆ.

ವಿನೋದನಿಗೆ ಮಿಶ್ರಾ ಪೇಡೆ ತಿನ್ನಿಸಿದೆ. ಮೆಮೋ ಹುಡುಕಿದೆವು, ಸಿಗಲಿಲ್ಲ.

ಜುಲೈ 1, ಮಂಗಳವಾರ, ಬೆಳಿಗ್ಗೆ 7.09

ಮೊದಲ ಲೈವ್, ಫಕ್ರುಸಾಬರ ಅಂಗಡಿಯಿಂದ; ಗಾದಿಗಳ ರಾಶಿ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಡು ಓಡುತ್ತಿದೆ. ಮೂರು ನಿಮಿಷ ಇದೆ.

ಏಳಕ್ಕೆ ಮೈಕು ತೆರೆದು “ನಮಸ್ಕಾರ್ರಿ, ಎದ್ದೀರಿಲ್ಲೋ?” ಅಂದೆ. ಅಂದದ್ದೇ ತಡ, ಎಲ್ಲಾ ಕಡೆಯಿಂದ ನನ್ನದೇ ದನಿ. ಮೇಲಿನ ಮನೆಯಿಂದ, ಎದುರಿನ ಕಿಟಕಿಯಿಂದ, ಚಹಾದ ಅಂಗಡಿಯಿಂದ, ನಿಂತ ಆಟೋದಿಂದ. ಎದ್ದೀರಿಲ್ಲೋ, ಎದ್ದೀರಿಲ್ಲೋ. ಅದೆಲ್ಲ ಮೈಕಿಗೆ ಹೊಕ್ಕು ಕುಂಯ್ಯ್ ಅಂತು. ವಿನೋದ ಕಿವಿ ಮುಚ್ಚಿಕೊಂಡು ಲಗೂನ ಹಾಡು ಹಚ್ಚಿ ಕೂಗಿದ: “ಯಾರರೆ ಹೋಗಿ ರೇಡಿಯೋ ಸಣ್ಣ ಮಾಡಸ್ರೋ!”

ಫಕ್ರುಸಾಬರು ಇಸ್ತ್ರಿ ಅಂಗಿಯಲ್ಲೇ ಓಡಿದರು. ಅವರು ಒಂದೊಂದೇ ಬಾಗಿಲು ಬಡಿಯುವುದು ಇಲ್ಲಿಗೆ ಕೇಳುತ್ತಿತ್ತು. ಈಗ ಬಂದರು. ಬೆವರು ಸುರಿಯುತ್ತಿದೆ. ಮೌಲಾಬಿ ನೀರು ಕೊಟ್ಟರೆ ಕುಡಿಯಲೊಲ್ಲರು, ಚೊಂಬು ಕೈಯಲ್ಲೇ ಇದೆ.

“ಮೇಡಂ, ಈ ಬಾಜೂ ಹದಿನಾಲ್ಕ ಮನಿ ಬಡದ್ಯಾ. ಹನ್ನೊಂದರಾಗ ನಿಮ್ಮ ರೇಡಿಯೋ ಹಚ್ಯಾರ್ರಿ.” ಉಸಿರು ತೆಗೆದುಕೊಂಡರು. “ಇಷ್ಟ ವರ್ಷ ಇಲ್ಲೇ ಅದೇನಿ… ನನಗ ಗೊತ್ತ ಇಲ್ಲಲ್ರಿ.”

ನನಗೂ ಗೊತ್ತಿರಲಿಲ್ಲ, ಅಂದೆ.

ಆ ಕಡೆಯ ಸಾಲು ಇನ್ನೂ ಉಳಿದಿದೆಯಂತೆ. ಮತ್ತೆ ಹೊರಟೇ ಬಿಟ್ಟರು. ವಿನೋದ ಬೆರಳು ಎತ್ತಿದ್ದಾನೆ — ಹತ್ತು ಸೆಕೆಂಡು. ಅವರು ಎಣಿಸಿಕೊಂಡು ಬರುವವರೆಗೆ ನಾನು ಮಾತಾಡುತ್ತಿರುತ್ತೇನೆ.