ಬೇವಿನ ಮರದ ತಂತಿಗೆ ಕೌದಿ ಹಾಕಬೇಡ

ಅವ್ವಾ,

ಮಾಳಿಗೆಯಿಂದ ಬೇವಿನ ಮರಕ್ಕೆ ಕಟ್ಟಿದ ತಂತಿ ಬಟ್ಟೆ ಒಣಗಿಸಲು ಅಲ್ಲ, ದೂರದವರೊಂದಿಗೆ ಮಾತಾಡುವ ನನ್ನ ಹ್ಯಾಮ್ ರೇಡಿಯೋದ್ದು. ನಿನ್ನೆ ನೀನು ಒದ್ದೆ ಕೌದಿ ಹಾಕಿದ್ದಕ್ಕೇ ಅಕ್ಕನ ಊರು ಹಲವಾಗಲಿನಿಂದ ದನಿ ಕೇಳಲಿಲ್ಲ. ಹೊಳೆ ಊರೊಳಗೆ ನುಗ್ಗಿ ಅಲ್ಲಿ ಫೋನೂ ಇಲ್ಲ.

ನೀನು ಗುಡಿಗೆ ಹೋದಾಗ ಕೌದಿ ತೆಗೆದೆ. ಅಕ್ಕನೇ ಮಾತಾಡಿದಳು! ಮಕ್ಕಳೊಂದಿಗೆ ಶಾಲೆಯಲ್ಲಿ ಆಸರೆ ಪಡೆದು ಆರಾಮಾಗಿದ್ದಾಳೆ.

ಅಲ್ಲಿಗೆ ಬೇಕಾದ ಔಷಧಿಗಳ ಪಟ್ಟಿ ಕೊಡಲು ತಾಲ್ಲೂಕು ಕಚೇರಿಗೆ ಹೊರಟೆ. ಸಾಹೇಬರ ಮುಂದೆ ನನಗೆ ಮಾತೇ ಬರುವುದಿಲ್ಲ, ಎಲ್ಲ ಬರೆದುಕೊಂಡಿದ್ದೇನೆ. ನಗಬೇಡ.

ಹನ್ನೊಂದಕ್ಕೆ ಅಕ್ಕ ಮತ್ತೆ ಮಾತಾಡುತ್ತಾಳೆ. ಅಷ್ಟರೊಳಗೆ ಬರುತ್ತೇನೆ, ನೀನೂ ಪಕ್ಕದಲ್ಲಿ ಕೂತು ಕೇಳು.

ಅವಳು ಮೊದಲು ಕೇಳಿದ್ದು, “ಅವ್ವ ಉಂಡಾಳೇನ?” ನಿನ್ನೆಯಿಂದ ನೀನು ಉಪವಾಸ, ಆದರೂ “ಹ್ಞೂಂ, ಉಂಡಾಳ” ಅಂದುಬಿಟ್ಟೆ. ರೊಟ್ಟಿ ಬುಟ್ಟಿಯಲ್ಲಿವೆ. ಹನ್ನೊಂದರೊಳಗೆ ನನ್ನ ಮಾತು ನಿಜ ಮಾಡು.

ಸುಕನ್ಯಾ