ನಾಟಿ ಗದ್ದೆಯ ಪೇಪರ್ ಕಪ್

ದಢೇಸುಗೂರು

ಚನ್ನವೀರ ಸಾವ್ಕಾರರಿಗೆ ಕೂಲಿ ಹೆಂಗಸರ ಸಂಘದ ಅಯ್ಯಮ್ಮನ ನಮಸ್ಕಾರ.

ಆ ಕಥೆ ಹೇಳಿದವಳು ಲಿಂಗಸುಗೂರಿನಿಂದ ಬಂದಿದ್ದ ನಮ್ಮ ಸಂಘದ ಅಂಬಿಕಾ, ಮೊನ್ನೆ ಸಂಜೆ. ದಕ್ಷಿಣ ಆಫ್ರಿಕಾದಲ್ಲಿ ಕರಿಯರಿಗೊಂದು, ಬಿಳಿಯರಿಗೊಂದು ಬಾಗಿಲಿದ್ದ ಕಾಲದಲ್ಲಿ, ಕಾರ್ಖಾನೆಯ ಕರಿಯ, ಬಿಳಿಯ ಹೆಂಗಸರೆಲ್ಲ ಸಂಘ ಕಟ್ಟಿ ಒಂದೇ ಬಾಗಿಲಿನಿಂದ ಒಳಗೆ ಹೋದರಂತೆ. ಇಷ್ಟೇ ಕಥೆ. ಅದನ್ನು ಕೇಳಿದ ನಿಮ್ಮ ಓಣಿಯ ಶೇಖರಮ್ಮನ ತಲೆ ಕೆಡಿಸಿದವರು ಯಾರೆಂದು ನಿಮ್ಮ ಆಳು ಮಲ್ಲೇಶ ಮನೆಮನೆ ವಿಚಾರಿಸುತ್ತಿದ್ದಾನೆ. ಯಾಕೆ?

ಜಡ್ಡು ಹರಡಬಾರದೆಂದು ಗದ್ದೆಯ ಚಹಾಕ್ಕೆ ಪೇಪರ್ ಕಪ್ ತರಿಸಿದಿರಿ. ನಂಬಬೇಕೆಂದಿದ್ದೆ. ಆದರೆ ಅವು ನಮ್ಮ ಕೇರಿಯವರಿಗಷ್ಟೇ. ನಿಮ್ಮ ಜಾತಿಯ ಕೂಲಿಯವರಿಗೆ ಸ್ಟೀಲ್ ಗ್ಲಾಸೇ. ಜಡ್ಡಿಗೆ ಜಾತಿ ಗೊತ್ತಾಗುತ್ತದೆಯೇ?

ಎಲ್ಲರಿಗೂ ಸ್ಟೀಲ್ ಗ್ಲಾಸನ್ನೇ ಕಳಿಸಿರಿ, ನಾವೇ ತೊಳೆಯುತ್ತೇವೆ. ನಾಳೆ ನಾಟಿಗೆ ಶೇಖರಮ್ಮನನ್ನು ಬಿಟ್ಟು ಕರೆದರೆ ಯಾರೂ ಗದ್ದೆಗಿಳಿಯುವುದಿಲ್ಲ.

ನಿನ್ನೆ ಬೆಳಿಗ್ಗೆ ನಡೆದದ್ದನ್ನು ಮಲ್ಲೇಶ ನಿಮಗೆ ಬೇರೆ ಥರ ಹೇಳಿರಬಹುದು. ಶೇಖರಮ್ಮ ಸ್ಟೀಲ್ ಗ್ಲಾಸನ್ನು ಬದುವಿನ ಮೇಲಿಟ್ಟು, "ನನಗೂ ಜಡ್ಡಿನ ಅಂಜಿಕಿ ಐತಿ, ಪೇಪರ್ ಕಪ್ ಕೊಡೋ" ಅಂದಳು.

"ಕಪ್ ತೀರ್ಯಾವ" ಅಂದ ಮಲ್ಲೇಶ.

ಅವಳು ನನ್ನ ಕಡೆ ತಿರುಗಿದಳು. "ಅಯ್ಯಮ್ಮ, ಎಲ್ಲಾ ಕುಡೀಬ್ಯಾಡಬೇ, ನನಗೊಂದೀಟು ಉಳಸು!"

ಉಳಿಸಿದೆ. ನನ್ನ ಕಪ್ಪಿನಲ್ಲೇ ಕುಡಿದಳು. ಅವಳ ಹಿಂದೆ ನಿಮ್ಮ ಓಣಿಯ ಹೆಂಗಸರೆಲ್ಲ ಬಂದು ನಮ್ಮವರ ಪಕ್ಕ ಕುಳಿತರು.

ಇಂತಿ,
ಅಯ್ಯಮ್ಮ