ಮೈದಾನದ ನಿನ್ನ ಅರ್ಧ

ಈಪೋ,
22 ಏಪ್ರಿಲ್ 2025

ಪ್ರೀತಿಯ ತಿಲಗಾ,

ನಿನಗೂ ಸೆಲ್ವಂಗೂ ಮಗುವಿಗೂ ನನ್ನ ಸಲಾಂ. ರಂಜಾನ್ ಹಬ್ಬಕ್ಕೆಂದು ನೀನು ಕಳಿಸಿದ ಮುರುಕ್ಕಿನ ಡಬ್ಬಿ ಕೈಸೇರಿ ಮೂರು ವಾರವಾಯಿತು. ಡಬ್ಬಿ ಖಾಲಿಯಾಗಿ, ನಮ್ಮ ಮನೆಯವರು ಅದನ್ನು ತೊಳೆದು ತಮ್ಮ ಗಾಳದ ಕೊಕ್ಕೆಗಳನ್ನು ತುಂಬಿಟ್ಟುಕೊಂಡದ್ದೂ ಆಯಿತು. ನಾನು ಮಾತ್ರ ಒಂದು ಸಾಲು ಬರೆಯಲಿಲ್ಲ. ಶಾಲೆಯ ಕ್ರೀಡಾಕೂಟ, ಉಪವಾಸದ ತಿಂಗಳು, ಲೀಗ್ ಎಂದು ನೆಪಗಳನ್ನು ಹೇಳಬಹುದು. ನೀನು ನಂಬಲೂಬಹುದು. ಫೋನಿನಲ್ಲಿ ಬರೆದರೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಕಾಗದ.

ಹಾಕಿಯ ಸುದ್ದಿ ಮನೆಯಲ್ಲಿ ಎತ್ತಬೇಡಿ ಎಂದು ಸೆಲ್ವಂ ನನಗೆ ಹೇಳಿದ್ದಾನೆ. ಆದರೂ ಈ ಸಲದ ಮಹಿಳಾ ಲೀಗಿನ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ? ಹದಿನಾಲ್ಕು ವರ್ಷ ಒಂದೇ ಮೈದಾನವನ್ನು ಅರ್ಧ ನಿನಗೆ, ಅರ್ಧ ನನಗೆ ಎಂದು ಹಂಚಿಕೊಂಡು ಸೀಟಿ ಊದಿದವರು ನಾವು. ನನ್ನ ಒಡಹುಟ್ಟಿದ ತಂಗಿಯರು ಬದುಕಿನಲ್ಲೆಲ್ಲ ನನ್ನನ್ನು ಎಷ್ಟು ಸಲ ಅಕ್ಕ ಎಂದಿದ್ದಾರೋ, ನೀನು ಒಂದೊಂದು ಪಂದ್ಯದಲ್ಲೇ ಕಿವಿಯ ರೇಡಿಯೊದಲ್ಲಿ ಅಷ್ಟು ಸಲ ‘ಕಾಕ್, ಕಾಕ್’ ಎಂದಿರುತ್ತಿದ್ದೆ.

ಜನವರಿಯಲ್ಲಿ ಅಂಪೈರ್‌ಗಳ ತರಬೇತಿ ಇತ್ತು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಗೋಡೆಯ ಮೇಲೆ ಅವರು ತೋರಿಸಿದ ಮೊದಲ ಚಿತ್ರವೇ ಕಳೆದ ವರ್ಷದ ಸೆಮಿಫೈನಲ್‌ನದು. ಪ್ರೇಕ್ಷಕರಲ್ಲಿ ಯಾರೋ ಫೋನಿನಲ್ಲಿ ತೆಗೆದ ಅದೇ ತುಣುಕು. ಕೊನೆಯ ನಿಮಿಷ. ಮೆರ್ಬಾವ್ ತಂಡದ ಹುಡುಗಿ ಹೊಡೆದ ಚೆಂಡು ಗೋಲಿನ ಮುಂದೆ ಸೆರಿ ಪಂತಾಯ್‌ ಆಟಗಾರ್ತಿಯ ಹಿಮ್ಮಡಿಗೆ ತಗುಲುತ್ತದೆ. ಮೆರ್ಬಾವ್‌ಗೆ ಪಾದಕ್ಕೆ ತಾಗಿದ್ದಕ್ಕೆ ಪೆನಾಲ್ಟಿ ಕಾರ್ನರ್ ಸಿಗಬೇಕು. ನೀನು ಸೀಟಿ ಊದುವುದಿಲ್ಲ. ಚೆಂಡು ಅದೇ ಓಟದಲ್ಲಿ ಆ ತುದಿಗೆ ಹೋಗಿ ಗೋಲಾಗುತ್ತದೆ, ಮೆರ್ಬಾವ್ ಸೋಲುತ್ತದೆ. ಅಲ್ಲಿಗೆ ಚಿತ್ರ ನಿಲ್ಲಿಸಿದರು. ನಿನ್ನ ಕೈ ಅರ್ಧ ಎತ್ತಿದ ಹಾಗೇ ನಿಂತಿತ್ತು.

ತರಬೇತುದಾರರು, "ಯಾರನ್ನೂ ಆಡಿಕೊಳ್ಳೋಕೆ ತೋರಿಸ್ತಿಲ್ಲ. ಇವರು ನಿಂತ ಜಾಗ ನೋಡಿ. ಗೋಲ್‌ಕೀಪರ್ ಅಡ್ಡ ಇದಾಳೆ, ಪಾದ ಕಾಣಲ್ಲ" ಎಂದರು.

ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಇನ್ನೊಂದು ಅರ್ಧದ ಅಂಪೈರ್ ಎಲ್ಲಿದ್ರು?"

"ನಡುಗೆರೆ ಹತ್ತಿರ. ದೂರ ಆಯ್ತಲ್ಲಮ್ಮ" ಎಂದು ಅವರು ಮುಂದಿನ ಚಿತ್ರ ಹಾಕಿದರು.

ಆ ಹುಡುಗಿ ಜೊವಿನಾ. ಸಬಾದ ಕೆನಿಂಗಾವಿನವಳು, ಇಪ್ಪತ್ತನಾಲ್ಕು ವರ್ಷ, ಒಂದು ಆಟದ ಸಾಮಾನಿನ ಅಂಗಡಿಯಲ್ಲಿ ಕೆಲಸ. ಇಡೀ ಋತುವಿಗೆ ಅವಳನ್ನೇ ನನಗೆ ಜೋಡಿ ಮಾಡಿದರು. ನಿನ್ನ ಜಾಗಕ್ಕೆ ಬಂದವಳು ಎಂದು ಮೊದಲ ಎರಡು ವಾರ ನಾನು ಅವಳೊಡನೆ ಬೇಕಾದಷ್ಟೇ ಮಾತಾಡಿದೆ. ಅವಳಿಗೆ ಅದು ಅರ್ಥವಾಗಲಿಲ್ಲವೋ, ಆಗಿಯೂ ಸುಮ್ಮನಿದ್ದಳೋ. ಪ್ರತಿ ಪಂದ್ಯಕ್ಕೂ ಎರಡು ಪೊಟ್ಟಣ ನಾಸಿ ಲೆಮಾಕ್ ಅನ್ನ ತರುತ್ತಿದ್ದಳು. ಉಪವಾಸದ ತಿಂಗಳು ಶುರುವಾದ ಮೇಲೆ ಬರೀ ಖರ್ಜೂರ ತಂದಳು, ತಾನೂ ಸಂಜೆಯವರೆಗೆ ಏನೂ ತಿನ್ನಲಿಲ್ಲ. "ನೀನು ಚರ್ಚಿಗೆ ಹೋಗುವವಳು, ನಿನಗ್ಯಾಕೆ ಹಸಿವು?" ಎಂದು ಕೇಳಿದೆ. "ನೀವು ಹಸ್ಕೊಂಡು ಓಡ್ತಿರ್ವಾಗ ನಾನು ತೇಗಿದ್ರೆ ರೇಡಿಯೊದಲ್ಲಿ ಕೇಳ್ಸುತ್ತೆ ಕಾಕ್" ಎಂದಳು. ಎಷ್ಟೋ ತಿಂಗಳ ಮೇಲೆ ಮೈದಾನದಲ್ಲಿ ನಕ್ಕೆ.

ಮಾರ್ಚಿನ ಪಂದ್ಯಗಳೆಲ್ಲ ಸಂಜೆ ಐದಕ್ಕೆ. ಬಿಸಿಲಿನ ಝಳ ಟರ್ಫಿನಿಂದ ಮೇಲೆ ಬರುತ್ತಿತ್ತು. ಕೊನೆಯ ಕ್ವಾರ್ಟರಿನಲ್ಲಿ ಹುಡುಗಿಯರ ತುಟಿಯೆಲ್ಲ ಬೆಳ್ಳಗೆ. ಒಂದು ಪಂದ್ಯದಲ್ಲಿ ಮೆರ್ಬಾವ್ ಗೋಲ್‌ಕೀಪರ್ ಅಷ್ಟೂ ಪ್ಯಾಡು, ಹೆಲ್ಮೆಟ್ ಹೊತ್ತು ಕುಸಿದಳು. ಎಬ್ಬಿಸಿ ನೀರು ಕೊಡಹೋದರೆ ಬಾಯಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು. "ಹುಷಾರಿಲ್ಲದವರಿಗೆ ದೇವರೇ ರಿಯಾಯಿತಿ ಕೊಟ್ಟಿದಾನೆ ಮಗಳೇ, ಕುಡಿ" ಎಂದು ಟೀಚರ್ ದನಿಯಲ್ಲಿ ಗದರಿದ ಮೇಲೆ ಕುಡಿದಳು. ನಂತರ ಅವಳನ್ನು ಹೊರಗೆ ಕಳಿಸಿದ್ದಕ್ಕೆ ಅವರ ಕೋಚ್ ನನ್ನ ಮೇಲೆ ದೂರು ಬರೆದ. ಬರೆಯಲಿ.

ನಿನ್ನ ಹೆಸರನ್ನು ಜನ ಬಿಟ್ಟಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಸೀಟಿ ತಡವಾದರೆ ಸಾಕು, "ಏ, ಹಲ್ಲಿನ ನರ್ಸಮ್ಮನ ಕನ್ನಡಕ ಹಾಕ್ಕೊಂಡ್ಯಾ?" ಎಂದು ಮೆಟ್ಟಿಲುಗಳಿಂದ ಕೂಗು. ಜೊವಿನಾ ಒಂದು ಸಲ ನನ್ನನ್ನು ಕೇಳಿದಳು: "ಅವರು ನಿಜವಾಗ್ಲೂ ಕೆಟ್ಟ ಅಂಪೈರಾ ಕಾಕ್?" ನಾನು ಹೇಳಿದೆ, ಈ ದೇಶದಲ್ಲಿ ಅವಳಷ್ಟು ಒಳ್ಳೆಯ ಅಂಪೈರನ್ನು ನಾನು ನೋಡಿಲ್ಲ ಎಂದು. "ಮತ್ಯಾಕೆ ಬಿಟ್ರು?" ಎಂದಳು. ಶೂ ಲೇಸು ಕಟ್ಟುತ್ತ ಕೂತೆ.

ಫೈನಲ್ ಹಬ್ಬ ಕಳೆದ ಮೇಲೆ, ಹನ್ನೆರಡನೇ ತಾರೀಕು, ಸೆರಿ ಪಂತಾಯ್ ತಂಡದ ಊರಿನಲ್ಲೇ ನಡೆಯಿತು. ಮತ್ತೆ ಅವರೂ ಮೆರ್ಬಾವೂ. ಎರಡು ಕಡೆಯೂ ಒಂದೊಂದು ಗೋಲು, ಮುಗಿಯಲು ನಾಲ್ಕು ನಿಮಿಷ. ಜೊವಿನಾಳ ಅರ್ಧದಲ್ಲಿ, ಗೋಲಿನ ಮುಂದೆ ಏಳೆಂಟು ಹುಡುಗಿಯರ ಗುಂಪು. ಚೆಂಡು ಗುಂಪಿನೊಳಗೆ ಹೋಗಿ ದಿಕ್ಕು ಬದಲಿಸಿ ಹೊರಗೆ ಬಂತು. ಮೆರ್ಬಾವ್‌ನವರೆಲ್ಲ ಕೈ ಎತ್ತಿದರು. ಕಿವಿಯಲ್ಲಿ ಅವಳ ದನಿ, ಅಳುವಿನ ಹತ್ತಿರ: "ಕಾಕ್, ನಂಗೆ ಅಡ್ಡ ಬಂತು. ನಿಮಗೆ ಕಾಣ್ತಾ?"

ನಾನು ನಡುಗೆರೆಯ ಹತ್ತಿರ ಇದ್ದೆ. ಊರವರ ತಂಡದ ಪಾದ, ಊರವರ ಸಾವಿರಾರು ಜನ.

"ಕಾಣ್ತು. ಪಾದ. ಕಾರ್ನರ್ ಕೊಡು" ಎಂದೆ.

"ಖಂಡಿತನಾ?"

"ಖಂಡಿತ. ಊದು. ಯಾರು ಕೇಳಿದ್ರೂ ನಾನು ಹೇಳ್ದೆ ಅನ್ನು."

ಅವಳು ಊದಿದಳು. ಆ ಕಾರ್ನರಿನಲ್ಲೇ ಮೆರ್ಬಾವ್ ಗೋಲು ಹೊಡೆದು ಗೆದ್ದಿತು. ಬಾಟಲಿಗಳು ಬಿದ್ದವು. ಒಂದು ನನ್ನ ಹೆಗಲಿಗೆ ತಗುಲಿ ನೀಲಿಗಟ್ಟಿ, ಈಗ ಹಳದಿಯಾಗಿದೆ. ಸೆರಿ ಪಂತಾಯ್ ಮ್ಯಾನೇಜರು ಎದುರಿಗೇ ಬಂದು, "ಐವತ್ತು ಗಜದಿಂದ ಹಿಮ್ಮಡಿ ಕಾಣೋಕೆ ನೀನೇನು ಹದ್ದಾ?" ಎಂದ. "ನನ್ನ ಕಡೆಯಿಂದ ನೇರ ಕಾಣ್ತಿತ್ತು ತಮ್ಮ" ಎಂದಷ್ಟೇ ಹೇಳಿದೆ. ಪಂದ್ಯ ಮುಗಿದ ಮೇಲೆ ಅವರ ತಂಡದ ಆ ಹುಡುಗಿಯೇ ನಮ್ಮ ಕೋಣೆಯ ಬಾಗಿಲಿಗೆ ಬಂದಳು. ಚೆಂಡು ತಗುಲಿದವಳು. ಅತ್ತು ಕಣ್ಣು ಊದಿತ್ತು. "ತಾಗಿತ್ತು ಟೀಚರ್" ಎಂದು ಹೇಳಿ ಹೋದಳು.

ವಾಪಸು ಬರುವ ದಾರಿಯಲ್ಲಿ ಜೊವಿನಾ ಪಕ್ಕದಲ್ಲಿ ನಿದ್ದೆಹೋದಳು, ಬಾಯಿ ತೆರೆದುಕೊಂಡು. ನಾನು ಕಾರು ಓಡಿಸುತ್ತ ಈ ಕಾಗದವನ್ನು ಮನಸ್ಸಿನಲ್ಲಿ ಬರೆಯತೊಡಗಿದೆ. ಹತ್ತು ದಿನ ಬೇಕಾಯಿತು ನೋಡು, ಕೈಗೆ ಬರಲು.

ನಿನ್ನ ಮಗ ಸ್ಕೂಲಿಗೆ ಸೇರಿದ ಫೋಟೋ ನೋಡಿದೆ. ಅವನ ಮುಂದಿನ ಎರಡು ಹಲ್ಲು ಬಿದ್ದಿವೆ, ಹಲ್ಲಿನ ಆಸ್ಪತ್ರೆಯವಳ ಮಗನಿಗೆ ಅದೇ ಚಂದ. ಅವನು ದೊಡ್ಡ ಬಾಳು ಬಾಳಲಿ. ಸೆಲ್ವಂನ ಬೆನ್ನುನೋವು ಕಡಿಮೆಯಾಗಲಿ. ನಿನ್ನ ಮನೆಯ ಮೇಲೆ ದೇವರ ದಯೆ ಇರಲಿ, ನೀನು ಯಾವ ದೇವರನ್ನು ನೆನೆದರೂ ಅವನು ಕೇಳಿಸಿಕೊಳ್ಳಲಿ.

ನಿನ್ನ ಕಾಕ್,
ಸಲ್ಬಿಯಾ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ.

ಕಳೆದ ವರ್ಷ ಆ ಕೊನೆಯ ನಿಮಿಷದಲ್ಲಿ ನೀನೂ ಕೇಳಿದ್ದೆ. ಜೊವಿನಾಳ ಹಾಗೆ ಅಳುದನಿಯಲ್ಲಲ್ಲ, ಸಮಾಧಾನವಾಗಿ: "ಕಾಕ್, ಪಾದ ಇತ್ತಾ?" ನಾನು "ಕಾಣ್ಲಿಲ್ಲ" ಎಂದೆ. ಅಂದು ನನ್ನನ್ನು ಹೊರದೇಶದ ಟೂರ್ನಿಗೆ ಆರಿಸಲು ಪರೀಕ್ಷಕರು ಮೇಲೆ ಕೂತಿದ್ದರು. ದೂರದಿಂದ ಬೇರೆಯವರ ಅರ್ಧಕ್ಕೆ ಕೈ ಹಾಕಿ ತಪ್ಪಾದರೆ ಅಂಕ ಹೋಗುತ್ತದೆ ಎಂದು ಹೆದರಿದೆ. ಒಂದು ಉಸಿರಿನಷ್ಟು ಹೊತ್ತು, ಅಷ್ಟೆ. ಆಮೇಲೆ ಸಮಿತಿ ಬರೆದುಕೊಡಿ ಎಂದಾಗ ಅದನ್ನೇ ಬರೆದುಕೊಟ್ಟೆ. ಆ ಹೊತ್ತಿಗೆ ಯೋಚಿಸಲು ಒಂಬತ್ತು ದಿನ ಸಿಕ್ಕಿತ್ತು. ನಿನ್ನನ್ನು ಮನೆಗೆ ಕಳಿಸಿದರು, ನನ್ನನ್ನು ವಿಮಾನ ಹತ್ತಿಸಿದರು. ನೀನು ಆ ಪ್ರಯಾಣಕ್ಕೆಂದು ಕೊಡಿಸಿದ ಬಿಳಿ ಶೂಗಳನ್ನು ನಾನು ಒಂದು ದಿನವೂ ಹಾಕಿಲ್ಲ.

ನಿನ್ನೆ ಸೋಮವಾರ ಸಮಿತಿಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟೆ, ಸೀಟಿಯನ್ನೂ. ಅದರ ಪ್ರತಿ ಇದರ ಜೊತೆಗಿದೆ. ಅವರು ನಿನಗೆ ಫೋನ್ ಮಾಡಬಹುದು. ಹೋಗುವುದು ಬಿಡುವುದು ನಿನ್ನಿಷ್ಟ. ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ.

ಸೆಮಿಫೈನಲ್ ಮುಗಿದ ದಿನ ಕಾರಿನಲ್ಲಿ ನೀನು ದಾರಿಯುದ್ದಕ್ಕೂ ಅತ್ತು, ತೈಪಿಂಗ್ ಹತ್ತಿರ ಬಂದಾಗ ಮುಖ ಒರೆಸಿಕೊಂಡು ನನಗೇ ಸಮಾಧಾನ ಹೇಳಿದೆ: "ನಮ್ಮಿಬ್ರಿಗೂ ಕಾಣ್ಲಿಲ್ಲ ಅಂದ್ರೆ ದೇವರಿಗೂ ಕಾಣ್ಲಿಲ್ಲ ಅಂತ ಅಂದ್ಕೊಳೋಣ ಬಿಡಿ ಕಾಕ್."

ನನಗೆ ಕಂಡಿತ್ತು, ತಿಲಗಾ.